ಬೈರಮಂಗಲದ ದಾಸಪ್ಪನ ಪಿಕಪ್ಪು

ದಾಸಪ್ಪನ ಪರಿಚಯವನ್ನು ಅವನ ಪಿಕಪ್ಪಿನಿಂದಲೇ ಆರಂಭಿಸಬೇಕು. ಅವನೂ ಹಾಗೆಯೇ ಮಾಡುತ್ತಿದ್ದ. ಹೆಸರು ಕೇಳಿದವರಿಗೆ "ಬೈರಮಂಗ್ಲದ ಪಿಕಪ್ ದಾಸಪ್ಪ" ಎನ್ನುತ್ತಿದ್ದ. ತಂದೆಯ ಹೆಸರು, ಮನೆತನದ ಹೆಸರು ಆಮೇಲೆ, ಅದೂ ಕೇಳಿದರೆ.

ಬಿಡದಿಯ ಸುತ್ತ ಕಾರ್ಖಾನೆಗಳು ಏಳುತ್ತಿದ್ದ ವರ್ಷಗಳವು. ರಸ್ತೆ ಬದಿಯ ಹೊಲ ಮಾರಿದವರಲ್ಲಿ ಹೆಚ್ಚಿನವರು ಕಾರು ಕೊಂಡರು, ಮನೆಯ ಮೇಲೆ ಮಹಡಿ ಏರಿಸಿದರು. ದಾಸಪ್ಪ ಒಂದು ಹೊಲವನ್ನು ಮಾತ್ರ ಕೊಟ್ಟು ಬಿಳಿಯ ಪಿಕಪ್ಪೊಂದನ್ನು ಕೊಂಡ. ಈ ವಿವೇಕಕ್ಕೆ ಅವನನ್ನು ಮೆಚ್ಚಬೇಕು. ಅದು ಲಾರಿಯೂ ಅಲ್ಲ, ಮೂರು ಚಕ್ರದ ಗೂಡ್ಸ್ ಆಟೋವೂ ಅಲ್ಲ; ನಡುವಿನದು. ಮುಂದೆ ಮೂವರು ಕೂರುವ ಕ್ಯಾಬಿನ್ನು, ಹಿಂದೆ ತೆರೆದ ಬಾಡಿ. ಬಾಡಿಯ ತಗಡು ಸವೆಯದಿರಲೆಂದು ಅದರ ಮೇಲೆ ಬೋಲ್ಟು ಹಾಕಿ ಕೂರಿಸಿದ ಮರದ ಹಲಗೆಗಳು.

ನಾನು ನಿವೃತ್ತಳಾದ ವರ್ಷ ನನ್ನ ಪುಸ್ತಕದ ಬೀರುಗಳನ್ನು ರಾಮನಗರದಿಂದ ಬಿಡದಿಗೆ ಸಾಗಿಸಿದವನು ಅವನೇ. ಅವನ ಮಗಳು ರಾಧಾಮಣಿ ನಮ್ಮ ಕಾಲೇಜಿನಲ್ಲಿ ಓದಿದವಳು. ಪರಿಚಯ ಆ ದಾರಿಯಿಂದ ಬಂದದ್ದು. ಆ ದಿನ ಕ್ಯಾಬಿನ್ನಿನಲ್ಲಿ ಅವನ ಪಕ್ಕ ಕೂತು ಬಂದೆ. ದಾರಿಯುದ್ದಕ್ಕೂ ಗಾಡಿಯ ಗುಣಗಾನ.

"ನೋಡಿ ಮೇಡಮ್ಮೋರೆ, ಲಾರಿ ನಮ್ಮೂರ್ ಸಂದೀಲಿ ತಿರುಗಾಕಿಲ್ಲ. ಆಟೋ ತಿರುಗ್ತದೆ, ಹೊರಾಕಿಲ್ಲ. ಇದು ತಿರುಗ್ತದೆ, ಹೊರ್ತದೆ. ಕನಕಪುರದ ಕಡೆ ಕಲ್ಲ್ ಹಾಕಿದ್ರೂ ಸೈ, ಚನ್ನಪಟ್ಣಕ್ಕೆ ಗೊಂಬೆ ಮರ ಹಾಕಿದ್ರೂ ಸೈ. ಏರ್‌ನಲ್ಲಿ ಒಂದ್ ಗೇರ್ ಇಳ್ಸುದ್ರೆ ಸಾಕು, ಎಮ್ಮೆ ನೀರಿಗೆ ಇಳ್ದಂಗೆ ಹತ್ತುತದೆ."

"ಎಮ್ಮೆ ಇಳಿದ ಹಾಗೆ ಹತ್ತುವುದು ಹೇಗೆ?" ಎಂದೆ.

"ಅಂದ್ರೆ ಅವ್ಸರ ಇಲ್ದಂಗೆ" ಎಂದು ನಕ್ಕ.

ಗಾಡಿಯ ದೋಷಗಳನ್ನು ಅವನು ಹೇಳುತ್ತಿರಲಿಲ್ಲ. ಕೂತವರ ಸೊಂಟ ಹೇಳುತ್ತಿತ್ತು. ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಭಾರ ಹೊರಲೆಂದೇ ಮಾಡಿದವು. ಖಾಲಿಯಿದ್ದಾಗ ಗಾಡಿ ಪ್ರತಿ ಉಬ್ಬಿಗೂ ನೆಗೆಯುತ್ತಿತ್ತು. ಒದ್ದೆ ಮಣ್ಣಿನಲ್ಲಿ ಬರಿಗಾಡಿಯ ಹಿಂಚಕ್ರಗಳು ನಿಂತಲ್ಲೇ ಸುತ್ತುತ್ತಿದ್ದವು. ಆಗ ದಾರಿಯಲ್ಲಿ ಹೋಗುವವರನ್ನು ಕರೆದು ಹಿಂದೆ ಹತ್ತಿಸಿಕೊಳ್ಳುತ್ತಿದ್ದ. ಅವರು ಅದನ್ನು ಉಪಕಾರವೆಂದು ತಿಳಿಯುತ್ತಿದ್ದರು. ಭಾರವನ್ನೆಲ್ಲ ಬಾಲಕ್ಕೆ ಹೇರಿದರೆ ಮೂತಿ ಹಗುರಾಗಿ ಸ್ಟೇರಿಂಗು ಮಾತು ಕೇಳುತ್ತಿರಲಿಲ್ಲ. ಇವೆಲ್ಲಕ್ಕೂ ಅವನ ಬಳಿ ಉಪಾಯವಿತ್ತು. ಉಪಾಯವಿಲ್ಲದ್ದು ಒಂದಕ್ಕೆ: ಗಾಡಿಗೆ ಮುಚ್ಚಿಗೆಯಿರಲಿಲ್ಲ.

ಕಾರ್ಖಾನೆಗಳ ಲೋಡು ಸಿಗುತ್ತದೆಂದು ಕೊಂಡ ಗಾಡಿ ಅದು. ಗೇಟಿನ ಮುಂದೆ ಹೋಗಿ ನಿಂತಾಗ ಕಾವಲಿನವನು, "ಕಂಟೈನರ್ ಬಾಡಿ ಇದ್ರೆ ಬಾಪ್ಪ, ತೆರ್‍ದಿದ್ದು ಒಳಕ್ಕೆ ಬುಡಾಕಿಲ್ಲ" ಎಂದ. ಎಲ್ಲ ಗೇಟುಗಳಲ್ಲೂ ಅದೇ ಮಾತು. ಡಬ್ಬಿಯ ಹಾಗೆ ಮುಚ್ಚಿಸಿದರೆ ಹುಲ್ಲು, ಬಿದಿರು, ರೇಷ್ಮೆಗೂಡಿನ ಮೂಟೆ ಯಾವುದನ್ನೂ ಎತ್ತರಕ್ಕೆ ಹೇರಲಾಗದು. ಊರಿನ ಬಾಡಿಗೆಯೂ ಹೋದೀತು. ಹಾಗಾಗಿ ಗಾಡಿ ಬಹಳ ಕಾಲ ಹುಣಸೆ ಮರದ ಕೆಳಗೆ ನಿಂತಿತ್ತು. ಆಗ ಕೈಹಿಡಿದವನು ಬಾಬಾಜಾನ್.

ಬಾಬಾಜಾನ್ ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವವನು. ದಾಸಪ್ಪನೂ ಅವನೂ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಗೂಡನ್ನು ಬೇಯಿಸಿ ನೂಲು ಎಳೆದುಕೊಂಡ ಮೇಲೆ ಒಳಗಿನ ಬೆಂದ ಹುಳ ಉಳಿಯುತ್ತದೆ. ಅದಕ್ಕೂ ಗಿರಾಕಿಗಳಿದ್ದಾರೆ, ಎಣ್ಣೆ ತೆಗೆಯುವವರು, ಕೋಳಿಗೆ ಮೀನಿಗೆ ಮೇವು ಮಾಡುವವರು. ಆದರೆ ಆ ಹುಳದ ನಾತ ಹೇಳತೀರದು. ಗಾಡಿಯವರು ಅದನ್ನು ಒಲ್ಲರು. ದಾಸಪ್ಪ ಒಪ್ಪಿದ, ಒಂದು ಷರತ್ತಿನ ಮೇಲೆ.

"ಊರಲ್ಲಿ ಯಾರ್ಗೂ ಗೊತ್ತಾಗ್ಬಾರ್ದು ಕಣ್ಲಾ ಬಾಬಾ."

"ನಾನ್ಯಾಕ್ಲಾ ಹೇಳಾನ? ಗಾಡೀನೇ ಹೇಳ್ತದೆ" ಎಂದು ಬಾಬಾಜಾನ್ ನಕ್ಕನಂತೆ.

ಹೀಗೆ ವಾರಕ್ಕೆರಡು ಸಲ ರಾಮನಗರದಿಂದ ಹುಳ ಹೇರಿಕೊಂಡು ಚನ್ನಪಟ್ಟಣದಾಚೆ ಇಳಿಸಿ ಬರುವುದು ದಾಸಪ್ಪನ ಖಾಯಂ ಕೆಲಸವಾಯಿತು. ಬಾಡಿಯನ್ನು ಹಳ್ಳದಲ್ಲಿ ತೊಳೆದೇ ಊರು ಸೇರುತ್ತಿದ್ದ. ಬಾಬಾಜಾನನ ಮನೆಯಲ್ಲಿ ಅವನಿಗೆ ಚಹಾ, ತಿಂಡಿ, ಹಬ್ಬಕ್ಕೆ ಸೇಮಿಗೆ ಪಾಯಸ. ಮನೆಯಾಕೆ ಜೈನಬ್ ಅವನನ್ನು ಅಣ್ಣ ಎನ್ನುತ್ತಿದ್ದಳು. ಅವರ ಮಗಳು ಅಸ್ರಾ, ರಾಧಾಮಣಿ ಇಬ್ಬರೂ ಕಾಲೇಜಿಗೆ ಜೊತೆಯಲ್ಲಿ ಬರುತ್ತಿದ್ದವರು. ಒಂದು ಮಳೆಗಾಲ ದಾಸಪ್ಪ ಕಾಮಾಲೆಯಾಗಿ ಮಲಗಿದಾಗ, ಕೆಲಸ ಬೇರೆಯವರ ಪಾಲಾಗದಿರಲೆಂದು ಬಾಬಾಜಾನ್ ತಾನೇ ಈ ಪಿಕಪ್ಪನ್ನು ಓಡಿಸಿದ. ತನ್ನ ಒಲೆಗಳನ್ನು ಬಿಟ್ಟು ಬಂದು ಓಡಿಸಿದ ಎಂಬುದನ್ನು ಗಮನಿಸಬೇಕು.

ರಾಧಾಮಣಿಗೆ ಮಾಗಡಿ ಸೀಮೆಯ ಕೆಂಪಾಪುರದಿಂದ ಸಂಬಂಧ ಬಂತು. ಹುಡುಗ ಅಶ್ವಥ್ ಒಳ್ಳೆಯವನು. ಅವನ ತಂದೆ ಸಿದ್ದಯ್ಯ, ತಾಯಿ ಚಿಕ್ಕಲಕ್ಷ್ಮಮ್ಮ. ರೇಷ್ಮೆ ಹುಳ ಸಾಕುವ, ಹಿಪ್ಪುನೇರಳೆ ತೋಟವಿದ್ದ ಮನೆತನ. ಮಾತುಕತೆಯ ದಿನ ಸಿದ್ದಯ್ಯ, "ಗಾಡಿ ಎಲ್ಲಿ ಓಡ್ತದೆ ಬೀಗ್ರೆ?" ಎಂದು ಲೋಕಾಭಿರಾಮವಾಗಿ ಕೇಳಿದರು. "ಕಂಪ್ನಿ ಲೋಡು. ಬಿಡದಿ ಕಂಪ್ನಿಗಳ್ದು" ಎಂದ ದಾಸಪ್ಪ. ಕೇಳದಿದ್ದ ಇನ್ನೊಂದು ಮಾತನ್ನೂ ಸೇರಿಸಿದ: "ಬರೀ ಕ್ಲೀನ್ ಐಟಂ."

ಮದುವೆ ಮಾಗಡಿಯಲ್ಲಿ ಆಯಿತು. ಬೀಗರ ಊಟ ಬೈರಮಂಗಲದಲ್ಲಿ. ಗಂಡಿನ ಕಡೆಯವರಿಗೆ ಹೆಣ್ಣಿನ ಮನೆಯವರು ಹಾಕುವ ಬಾಡೂಟ ಅದು. ಮದುವೆಯಲ್ಲಿ ಏನು ತಪ್ಪಿದರೂ ಇಲ್ಲಿ ತಪ್ಪಬಾರದು. ಕುರಿಗಳನ್ನು ಮಸೀದಿಯ ಇಮಾಮ್ ಸಾಬರಿಂದಲೇ ಕುಯ್ಯಿಸಬೇಕೆಂದು ದಾಸಪ್ಪ ಪಟ್ಟು ಹಿಡಿದ. ಇಲ್ಲದಿದ್ದರೆ ಬಾಬಾಜಾನನ ಮನೆಯವರು ಉಣ್ಣುವಂತಿರಲಿಲ್ಲ. "ನನ್ ಮಗಳ ಊಟ ಬಾಬಾ ಉಣ್ಣದಿದ್ರೆ ಅದೇನ್ ಊಟ?" ಎಂದಿದ್ದ. ಅವನು ಹಾಗೆ ಹೇಳಿದ್ದು ನಿಜವಾದ ಪ್ರೀತಿಯಿಂದಲೇ. ಅದನ್ನು ಇಲ್ಲಿ ಬರೆಯದಿದ್ದರೆ ಅನ್ಯಾಯವಾದೀತು.

ಬೀಗರ ಕಡೆಯ ಹೆಂಗಸರಿಗೆ ವ್ಯಾನು ಗೊತ್ತಾಯಿತು. ಗಂಡಸರಿಗೆ ಬೇರೆ ಗಾಡಿ ಯಾಕೆ, ನಮ್ಮ ಪಿಕಪ್ಪೇ ಇದೆ ಎಂದ ದಾಸಪ್ಪ. ಹೆಂಡತಿ ಮುನಿರತ್ನಮ್ಮ ಬೇಡವೆಂದಳು. ಬಾಬಾಜಾನ್ ಬೇಡವೆನ್ನಲಿಲ್ಲ, ಆದರೆ ಎಚ್ಚರಿಸಿದ. "ಹಲಗೆ ಬಿಚ್ಚಿ ಅಡೀಲಿ ತೊಳೀಲಾ ದಾಸ. ಮೇಲ್ಮೇಲೆ ಸೋಪ್ ಹಾಕಿದ್ರೆ ಹೋಗೋದಲ್ಲ ಅದು." ಬೋಲ್ಟುಗಳು ತುಕ್ಕು ಹಿಡಿದಿದ್ದವು. ದಾಸಪ್ಪ ಹಲಗೆಯ ಮೇಲೆ ಸೋಪಿನ ಪುಡಿ ಹಾಕಿ ಉಜ್ಜಿದ, ಬೇವಿನ ಸೊಪ್ಪು ಹರಡಿ ಒಣಗಿಸಿದ, ಸಾಂಬ್ರಾಣಿ ಹೊಗೆ ಹಾಕಿದ, ಹೊಸ ಜಮಖಾನ ಹಾಸಿದ. ಒಣಗಿದ್ದಷ್ಟು ಹೊತ್ತು ಎಲ್ಲ ಸರಿಯಾಗಿಯೇ ಇತ್ತು.

ಬೀಗರನ್ನು ಹತ್ತಿಸಿಕೊಂಡು ಬರುವಾಗ ದಾರಿಯಲ್ಲಿ ಮಳೆ ಹಿಡಿಯಿತು. ತಲೆಯ ಮೇಲೆ ಟಾರ್ಪಾಲು ಎಳೆದುಕೊಂಡರು. ನೀರು ಜಮಖಾನ ನೆನೆಸಿ ಹಲಗೆಯ ಸಂದಿಗಳಲ್ಲಿ ಇಳಿಯಿತು. ಅಡಿಯಲ್ಲಿ ಕೂತಿದ್ದದ್ದು ನೆನೆದು ಎದ್ದಿತು. ಟಾರ್ಪಾಲಿನ ಕೆಳಗೆ ಶುಭ್ರ ಪಂಚೆ ಉಟ್ಟ ಹಿರಿಯರು, ಹುಳದ ನಾತ, ಅದರ ಮೇಲೆ ಸಾಂಬ್ರಾಣಿಯ ವಾಸನೆ.

ಗಾಡಿ ಚಪ್ಪರದ ಮುಂದೆ ನಿಂತಾಗ ನಾನು ಅಲ್ಲಿಯೇ ಕುರ್ಚಿಯಲ್ಲಿ ಕೂತಿದ್ದೆ. ಬೀಗರು ಇಳಿದ ಕ್ರಮದಲ್ಲೇ ಸಂಗತಿ ತಿಳಿಯುತ್ತಿತ್ತು. ಇಬ್ಬರು ಬೇಲಿಯ ಕಡೆ ಓಡಿದರು. ಉಳಿದವರ ಮೂಗಿನ ಮೇಲೆ ಶಲ್ಯ. ಸಿದ್ದಯ್ಯನವರ ದಾಯಾದಿ ಅಂಕಯ್ಯ ಎಂಬುವರು ಮಾತಿನ ಮಲ್ಲ. ಅವರು ಇಳಿಯುತ್ತಲೇ ಕೂಗಿದರು.

"ಏನ್ ಬೀಗ್ರೆ, ನಮ್ಮುನ್ನ ಉಣ್ಣಾಕ್ ಕರ್ಕೊಂಬಂದ್ರೋ, ಬೆಳ್ಗೆ ಉಂಡಿದ್ದ್ ಕಕ್ಕಾಕ್ ಕರ್ಕೊಂಬಂದ್ರೋ?"

ಚಪ್ಪರದಡಿ ನಗು ಎದ್ದಿತು.

"ಅದ್ಯಾವ್ ಕಂಪ್ನಿ ಲೋಡ್ ಬೀಗ್ರೆ ಇದು? ಸತ್ತ್ ಹೆಗ್ಣ ತಯಾರ್ ಮಾಡೋ ಕಂಪ್ನಿನಾ?"

ನಗು ಹೆಚ್ಚಿತು. ರಾಧಾಮಣಿ ಹೊಸ ಸೀರೆಯಲ್ಲಿ ಅತ್ತೆಯ ಪಕ್ಕ ನಿಂತಿದ್ದಳು. ದಾಸಪ್ಪ ಅವಳ ಮುಖ ನೋಡಿದ, ಸಿದ್ದಯ್ಯನವರ ಮುಖ ನೋಡಿದ.

"ನಮ್ದಲ್ಲ ಬೀಗ್ರೆ" ಎಂದ. "ನಿನ್ನೆ ರಾಮನಗ್ರದ ಸಾಬ ಒಬ್ಬ, ಬಾಬಾಜಾನು ಅಂತ, ಒಂದ್ ಟ್ರಿಪ್ಪು ಅಂತ ಇಸ್ಕೊಂಡೋಗಿದ್ದ. ಹೇಳ್ದೆ ಕೇಳ್ದೆ ಹುಳ ತುಂಬುಬುಟ್ಟವ್ನೆ."

ಬಾಬಾಜಾನ್ ಅಲ್ಲಿಯೇ ಇದ್ದ. ಬೆಳಗಿನಿಂದ ಮನೆಯವನಂತೆ ಓಡಾಡುತ್ತಿದ್ದವನು, ಬಂದವರ ಕೈಕಾಲಿಗೆ ನೀರು ಕೊಡಲು ಚೊಂಬು ಹಿಡಿದು ಹಂಡೆಯ ಪಕ್ಕ ನಿಂತಿದ್ದ. ಅವನನ್ನು ನೋಡಿರಲಿಲ್ಲ ಎಂದು ದಾಸಪ್ಪ ಆಮೇಲೆ ಹೇಳಿದ. ಅದು ಸುಳ್ಳು. ಮೊದಲ ಮಾತು ಮುಗಿಯುವಾಗಲೇ ಅವನ ಕಣ್ಣು ಹಂಡೆಯ ಕಡೆ ಹೋದದ್ದನ್ನು ನಾನು ನೋಡಿದೆ. ನೋಡಿಯೂ ಎರಡನೆಯ ಮಾತನ್ನು ಆಡಿದ.

"ಆ ಜನಕ್ಕೆ ಶುಚಿ ಅನ್ನೋದು ಎಲ್ಲೈತೆ ಬುಡಿ."

ಹಿತ್ತಲ ಬಾಗಿಲಲ್ಲಿ ಜೈನಬ್, ಅಸ್ರಾ ತಟ್ಟೆ ತೊಳೆಯುತ್ತಿದ್ದರು. ತಟ್ಟೆಗಳ ಸದ್ದು ನಿಂತಿತು.

ಬಾಬಾಜಾನ್ ಚೊಂಬು ಹಿಡಿದು ಮುಂದೆ ಬಂದ. "ಹೌದು ಗೌಡ್ರೆ. ನಮ್ಮೋರು ತುಂಬುಬುಟ್ರು, ತಪ್ಪಾಯ್ತು" ಎಂದ ಸಿದ್ದಯ್ಯನವರಿಗೆ. ಬಾಗಿ ಅವರ ಕೈಗೆ ನೀರು ಹಾಕಿದ. ಅಂಕಯ್ಯನವರಿಗೂ ಹಾಕಿದ. ಮಧ್ಯಾಹ್ನ ಎರಡನೆಯ ಪಂಕ್ತಿಯಲ್ಲಿ ಹೆಂಡತಿ ಮಗಳ ಜೊತೆ ಕೂತು ಮುದ್ದೆ, ಸಾರು, ಅನ್ನ ಎಲ್ಲವನ್ನೂ ಉಂಡ. ಉಣ್ಣದೆ ಎದ್ದುಹೋಗಿದ್ದರೆ ದಾಸಪ್ಪನ ಸುಳ್ಳು ಅಲ್ಲಿಯೇ ಬಯಲಾಗುತ್ತಿತ್ತು. ಅಸ್ರಾ ಮಾತ್ರ ತುತ್ತು ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಮುನಿರತ್ನಮ್ಮ ಸ್ಪ್ಯಾನರು, ಸುತ್ತಿಗೆ ತೆಗೆದುಕೊಂಡು ತಾನೇ ಪಿಕಪ್ಪಿನ ಮೇಲೆ ಹತ್ತಿದಳು. ಬಿಚ್ಚಿ ಬಾರದ ಬೋಲ್ಟುಗಳನ್ನು ಹೊಡೆದು ಮುರಿದಳು. ಹಲಗೆಗಳ ಕೆಳಗೆ ತಗಡಿನ ಮೇಲೆ ಕಪ್ಪು ರೊಜ್ಜು. ಅದನ್ನು ಸಲಿಕೆಯಿಂದ ಕೆರೆದು ಗಂಡನ ಕಾಲ ಬಳಿ ಎಸೆದಳು.

"ಕಾಮಾಲೇಲಿ ಬಿದ್ದಿದ್ದಾಗ ಆವಯ್ಯ ನಿನ್ ಗಾಡಿ ಓಡ್ಸ್ದ. ಅವ್ನ್ ಹೆಂಡ್ರು ನಮ್ ಮುಸುರೆ ತಿಕ್ತಾ ಕೂತಿದ್ಲು. ನಿನ್ ಬಾಯಿಗೆ ಏನ್ ಹಾಕಿ ತೊಳೀಲಿ ಹೇಳು?"

ಬೀದಿಯವರೆಲ್ಲ ನೋಡುತ್ತಿದ್ದರು. ದಾಸಪ್ಪ ಹಲಗೆಗಳನ್ನು ಒಂದೊಂದಾಗಿ ಎತ್ತಿ ಗೋಡೆಗೆ ಒರಗಿಸಿದ.

ಲೋಡಿನ ದಿನ ರಾಮನಗರಕ್ಕೆ ಹೋದ. ಬಾಬಾಜಾನ್ ಎಂದಿನಂತೆ ಮೂಟೆಗಳನ್ನು ಹೇರಿಸಿದ. ಮನೆಯೊಳಗೆ ಕರೆಯಲಿಲ್ಲ.

"ಬಾಯ್ ತಪ್ಪಿ ಬಂತು ಕಣ್ಲಾ ಬಾಬಾ" ಎಂದ ದಾಸಪ್ಪ.

"ಬಾಯ್ ತಪ್ಪುದ್ರೆ ಒಂದ್ ಮಾತ್ ಬತ್ತದೆ ಗೌಡ್ರೆ. ನೀವು ಎರಡ್ ಆಡುದ್ರಿ."

ಹೈಸ್ಕೂಲಿನ ಬೆಂಚಿನಿಂದ ಅಲ್ಲಿಯವರೆಗೆ ಬಾಬಾಜಾನ್ ಅವನನ್ನು 'ನೀವು' ಎಂದವನಲ್ಲ.

"ಮಗಳ ಬಾಳು... ಬೀಗರ ಮುಂದೆ ಮಾನ ಹೋಗ್ತಿತ್ತು."

"ಅದ್ಕೇ ನಾನೂ ಹೂಂ ಅಂದೆ. ರಾಧಾಮಣಿ ನಂಗೂ ಮಗ್ಳೇ." ಬಾಬಾಜಾನ್ ಹಗ್ಗ ಎಳೆದು ಕಟ್ಟಿದ. "ನಾಕ್ ಜನ್ರ ಮುಂದೆ ಅಂದಿದ್ದು. ನಾಕ್ ಜನ್ರ ಮುಂದೇನೇ ವಾಪಸ್ ತಗೊಳ್ಳಿ. ಇಲ್ಲಿ ಒಲೆ ಹಿಂದೆ ನಿಂತ್ಕೊಂಡು ಬ್ಯಾಡ."

ದಾಸಪ್ಪನಿಗೆ ಅದು ಆಗಲಿಲ್ಲ. ತಿಂಗಳುಗಳು ಕಳೆದವು. ಅವನು ಬೇರೆ ದಾರಿಗಳನ್ನು ಹಿಡಿದ. ಹಲಸಿನ ಹಣ್ಣು ಒಯ್ದ, ಅವರೆಕಾಯಿ ಒಯ್ದ, ಹೊಸ ರಾಗಿ ಒಯ್ದ. ಅವನು ತಂದ ಪಾತ್ರೆಯನ್ನು ಜೈನಬ್ ಬರಿದಾಗಿ ಹಿಂತಿರುಗಿಸುವವಳಲ್ಲ. ಏನಾದರೂ ಹಾಕಿಯೇ ಕೊಡುತ್ತಿದ್ದಳು, ಹೊಸಿಲಿನ ಈಚೆ ನಿಂತು. ಅಣ್ಣ ಎನ್ನುತ್ತಿರಲಿಲ್ಲ. ನನ್ನ ಮನೆಗೆ ಗೊಬ್ಬರ ತಂದು ಹಾಕಿದ ದಿನ ನಾನು ಗಾಡಿಯ ವಿಷಯ ತೆಗೆದರೂ ಅವನು ಬೆಳೆಸಲಿಲ್ಲ. "ಗಾಡಿ ಅಂದ್ರೇನ್ ಮೇಡಮ್ಮೋರೆ, ಹಾಕಿದ್ದ್ ಹೊರ್ತದೆ" ಎಂದ. ಮಗಳಿಗೋಸ್ಕರ ಸುಮ್ಮನಿದ್ದೇನೆ ಎಂಬುದು ಅವನು ತನಗೆ ತಾನೇ ಕೊಟ್ಟುಕೊಂಡಿದ್ದ ಕಾರಣ. ಅದನ್ನು ನನಗೂ ಹೇಳಿದ. ನಾನು ಒಪ್ಪಲಿಲ್ಲ.

ರಾಧಾಮಣಿ ಬಸುರಿಯಾದಳು. ಕೆಂಪಾಪುರದಲ್ಲಿ ಸೀಮಂತ. ದಾಸಪ್ಪ ಪಿಕಪ್ಪಿನಲ್ಲಿ ಬಾಳೆಗೊನೆ, ಹೂವಿನ ಬುಟ್ಟಿಗಳನ್ನು ಹೇರಿಕೊಂಡು ಹೋದ. ಹಲಗೆಗಳನ್ನು ಅವನು ಮತ್ತೆ ಹಾಕಿಸಿರಲಿಲ್ಲ. ಬರಿಯ ತಗಡು ತೊಳೆದು ಹೊಳೆಯುತ್ತಿತ್ತು. ಶಾಸ್ತ್ರ ಮುಗಿದು ಎಲ್ಲರೂ ಎಲೆಯ ಮುಂದೆ ಕೂತರು. ಒಬ್ಬಟ್ಟು ಬಡಿಸುತ್ತಿದ್ದರು. ಅಂಕಯ್ಯನವರಿಗೆ ಹಳೆಯ ತಮಾಷೆ ನೆನಪಾಯಿತು.

"ಏನ್ ಬೀಗ್ರೆ, ಇವತ್ತ್ ಗಾಡಿ ಮಲ್ಲಿಗೆ ವಾಸ್ನೆ ಹೊಡೀತೈತೆ! ಆ ಸಾಬ ಇಸ್ಕೊಂಡೋಗಿಲ್ವಾ ಈಚ್ಗೆ? ಆ ಜನುಕ್ಕೆ ಗಾಡಿ ಕೊಡ್ಬ್ಯಾಡಿ ಇನ್ನ್ ಮೇಲೆ."

ಪಂಕ್ತಿ ನಕ್ಕಿತು. ದಾಸಪ್ಪ ಎಲೆಯಿಂದ ಕೈ ತೆಗೆದ. ಎದ್ದು ನಿಲ್ಲಬೇಕೋ ಕೂತೇ ಹೇಳಬೇಕೋ ತಿಳಿಯದೆ ಅರ್ಧ ಎದ್ದ.

"ಅವ್ನು ಇಸ್ಕೊಂಡೋಗಿರ್ನಿಲ್ಲ" ಎಂದ. "ಹುಳ ಹೊಡ್ಯೋನು ನಾನೇ. ವರ್ಸಾನುಗಟ್ಲೆಯಿಂದ ಅದೇ ನನ್ ಲೋಡು. ಕಂಪ್ನಿ ಲೋಡು ಅಂದಿದ್ದು ಸುಳ್ಳು. ಅವತ್ತು ಅವ್ನ್ ಮೇಲೆ ಹಾಕಿದ್ದೂ ಸುಳ್ಳು."

ಒಬ್ಬಟ್ಟಿನ ತಟ್ಟೆ ಹಿಡಿದವನು ನಿಂತುಬಿಟ್ಟ. ಮೂಲೆಯಲ್ಲಿದ್ದ ಹಲ್ಲಿಲ್ಲದ ಅಜ್ಜಿಯೊಬ್ಬಳು, "ಎಲೆ ಮುಂದೆ ಹುಳದ್ ಮಾತ್ಯಾಕಪ್ಪ?" ಎಂದು ಗೊಣಗಿದಳು. ಯಾರೂ ನಗಲಿಲ್ಲ.

ಚಿಕ್ಕಲಕ್ಷ್ಮಮ್ಮ ತುಪ್ಪದ ಗಿಂಡಿ ಹಿಡಿದು ಬಂದು ಅವನ ಎಲೆಯ ಮುಂದೆ ನಿಂತರು.

"ಕೂತ್ಕೊಳ್ಳಿ ಬೀಗ್ರೆ. ಅವತ್ತೇ ಗೊತ್ತಿತ್ತು ನಮ್ಗೆ. ನಾವೂ ಹುಳ ಸಾಕೋರೇ, ಅದು ಒಂದಿನದ ವಾಸ್ನೆನೋ, ಕೂತು ಬಲ್ತಿರೋ ವಾಸ್ನೆನೋ ಮೂಗಿಗೆ ತಿಳಿಯಾಕಿಲ್ವಾ? ಹುಳ ಹೊಡುದ್ರೆ ತಪ್ಪೇನು? ನಮ್ ಮನೆ ಅನ್ನಾನೂ ಅದ್ರದ್ದೇ."

"ಗೊತ್ತಿದ್ದೂ ಯಾಕ್ ಕೇಳ್ನಿಲ್ಲ ಬೀಗಿತ್ತಿ?"

"ಏನಂತ ಕೇಳಾದು? ಆವಯ್ಯ ಕೈಗೆ ನೀರ್ ಹಾಕಾಕೆ ಚೊಂಬ್ ಹಿಡ್ದು ನಿಂತಿದ್ದ, ನೀವು ಅವ್ನ್ ಮುಂದೇನೇ ಅಂದ್ರಿ. ಇಂತೋರ್ ಮನೆ ಹೆಣ್ಣಾ ಅಂತ ನಮ್ಮೆಜಮಾನ್ರು ಅವತ್ತು ಒಂದ್ ಮಾತ್ ಅಂದ್ರು. ಹುಡ್ಗಿ ಒಳ್ಳೇಳು. ಅದ್ಕೇ ಸುಮ್ಕಾದೋ."

ಅವರು ತುಪ್ಪ ಹಾಕಿ ಮುಂದಿನ ಎಲೆಗೆ ಹೋದರು. ದಾಸಪ್ಪ ಉಂಡನೋ ಇಲ್ಲವೋ ನನಗೆ ತಿಳಿಯದು. ಇದನ್ನೆಲ್ಲ ಹೇಳಿದ ಮುನಿರತ್ನಮ್ಮ ಅವನ ಎಲೆಯ ಕಡೆ ನೋಡಲಿಲ್ಲವಂತೆ. ಹೊರಡುವಾಗ ರಾಧಾಮಣಿ ಪಿಕಪ್ಪಿನವರೆಗೆ ಬಂದಳು. ಕೈತುಂಬ ಹಸಿರು ಬಳೆ.

"ಅಪ್ಪ, ಅಸ್ರಾನ ಇವತ್ತು ಕರ್‍ದಿದ್ದೆ. ಬರ್ನಿಲ್ಲ. ಬೀಗ್ರೂಟದ್ ದಿನದಿಂದ ನನ್ ಫೋನೇ ಎತ್ತಾಕಿಲ್ಲ ಅವ್ಳು" ಎಂದಳು.

ಮುಂದಿನ ಲೋಡಿನ ದಿನ ದಾಸಪ್ಪ ಬೇಗನೆ ರಾಮನಗರಕ್ಕೆ ಹೋದ. ಬಾಬಾಜಾನ್ ಒಲೆಗೆ ಸೌದೆ ಒಟ್ಟುತ್ತಿದ್ದ.

"ಹೇಳ್ಬುಟ್ಟೆ ಕಣ್ಲಾ ಬಾಬಾ. ಕೆಂಪಾಪುರದಲ್ಲಿ. ಊಟದ ಪಂಕ್ತೀಲಿ, ಎಲ್ರ ಮುಂದೆ."

ಬಾಬಾಜಾನ್ ಎದ್ದು ನಿಂತ. "ಏನಂತ?"

"ಹುಳ ಹೊಡ್ಯೋನು ನಾನೇ ಅಂತ. ನಿನ್ ಮೇಲೆ ಹಾಕಿದ್ದು ಸುಳ್ಳು ಅಂತ."

"ಅದು ಸರಿ. ಎರಡ್ನೇ ಮಾತು?"

ಬಾಗಿಲ ಬಳಿ ಜೈನಬ್ ಬಂದು ನಿಂತಿದ್ದಳು.

"ನಮ್ ಜನದ್ ಮಾತು" ಎಂದ ಬಾಬಾಜಾನ್. "ಅದ್ನೂ ಸುಳ್ಳು ಅಂತ ಅಂದ್ರಾ?"

ಪಂಕ್ತಿಯಲ್ಲಿ ಅಂಕಯ್ಯ 'ಆ ಜನುಕ್ಕೆ' ಎಂದು ಅದೇ ಧಾಟಿಯ ಮಾತನ್ನು ಮತ್ತೆ ಆಡಿದ್ದರು. ತನ್ನ ಸುಳ್ಳನ್ನು ಒಪ್ಪಿಕೊಳ್ಳುವ ಗಡಿಬಿಡಿಯಲ್ಲಿ ದಾಸಪ್ಪ ಅದನ್ನು ಹಾಗೆಯೇ ಬಿಟ್ಟು ಬಂದಿದ್ದ. ಬಿಟ್ಟದ್ದು ಅವನ ಗಮನಕ್ಕೂ ಬಂದಿರಲಿಲ್ಲ. ಇದನ್ನು ನನಗೆ ಹೇಳುವಾಗ ಅವನು ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟು ರಸ್ತೆಯನ್ನೇ ನೋಡುತ್ತಿದ್ದ. "ಮರ್‍ತಿದ್ದೆ ಅಂದ್ರೆ ಸರಿಯಾಗಾಕಿಲ್ಲ ಮೇಡಮ್ಮೋರೆ. ಅದು ತಪ್ಪು ಮಾತು ಅಂತ ನನ್ ತಲೇಲೇ ಇರ್ನಿಲ್ಲ" ಎಂದ. ಅವನ ಬಾಯಿಂದ ನಾನು ಕೇಳಿದ ಮಾತುಗಳಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು ಇದು.

ಬಾಬಾಜಾನ್ ಬಯ್ಯಲಿಲ್ಲ. ಮೂಟೆಗಳನ್ನು ಹೇರಿಸಿದ. "ಹೊರ್‍ಡಿ, ಬಿಸ್ಲಾಯ್ತದೆ" ಎಂದ.

ಕೆಲಸ ನಡೆದೇ ಇದೆ. ಮೊಮ್ಮಗಳ ನಾಮಕರಣಕ್ಕೆ ಕರೆಯಲು ದಾಸಪ್ಪ ರಾಮನಗರಕ್ಕೆ ಹೋಗಿದ್ದ. ಅಂಗಳದಲ್ಲಿ ನಿಂತು ಕರೆದ, ಅವರು ಅಂಗಳದಲ್ಲೇ ಎಲೆ ಅಡಿಕೆ ತೆಗೆದುಕೊಂಡರು. ನಾಮಕರಣದ ದಿನ ಆ ಮನೆಯಿಂದ ಯಾರೂ ಬರಲಿಲ್ಲ. ಅಂಕಯ್ಯನವರು ಬಂದಿದ್ದರು. ಅವರ ಎದುರಿಗೆ ಆ ಎರಡನೆಯ ಮಾತನ್ನು ಎತ್ತಬೇಕೆಂದು ದಾಸಪ್ಪ ಊಟದ ಹೊತ್ತಿನಲ್ಲಿ ಎರಡು ಸಲ ಅವರ ಬಳಿಗೆ ಹೋದದ್ದನ್ನು ನಾನು ನೋಡಿದೆ. ಎರಡು ಸಲವೂ ಸಾರು ಬಡಿಸಿ ಹಿಂದಿರುಗಿದ.